ಎಡಗಡೆಯ ಕನ್ನಡಿ

“ಉಸಿರು ಬಿಗಿ ಹಿಡ್ಕೋ. ಒಂದು ಚೂರೂ ಬೀಳ್ಬಾರದು,” ಎಂದರು ತಾತ.

ಕಡ್ಡಿ ಉಸಿರು ಬಿಗಿಹಿಡಿದಳು. ಕಾರಿನ ಎಡಬಾಗಿಲ ಕನ್ನಡಿ ಒಡೆದು ಚೂರುಚೂರಾಗಿತ್ತು. ಒಂದೊಂದು ಚೂರಿನಲ್ಲೂ ಅವಳ ಮೂಗು ಒಂದೊಂದು ಕಾಣುತ್ತಿತ್ತು. ತಾತ ಅದರ ಮೇಲೆಲ್ಲ ಅಗಲವಾದ ಟೇಪ್ ಅಂಟಿಸಿದರು. ಅಮ್ಮನ ಹೇರ್ ಡ್ರೈಯರ್ ಹಿಡಿದು ಬಿಸಿಗಾಳಿ ಬಿಟ್ಟರು. ಹಳೆಯ ಅಂಟು ಮೆತ್ತಗಾದ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿಗೆ ತೂರಿಸಿ ಮೆಲ್ಲಗೆ ಮೀಟಿದರು. ಒಡೆದ ಕನ್ನಡಿ ಇಡೀ ಹಾಳೆಯ ಹಾಗೆ ಕಳಚಿ ಬಂತು.

ಕಡ್ಡಿಯ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಅವಳ ಸಣಕಲು ಮೈ ನೋಡಿ ಮನೆಯವರೂ ಬೀದಿಯವರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಈಗ ಆ ಕಡ್ಡಿಯ ಮೊಣಕಾಲಿಗೊಂದು ದೊಡ್ಡ ಬ್ಯಾಂಡೇಜ್.

ಮೊನ್ನೆ ಬೆಳಿಗ್ಗೆ ಅಮ್ಮ ನೀರಿನ ಬಾಟಲಿ ಮರೆತು ಕಾರಿನಲ್ಲಿ ಹೊರಟಿದ್ದಳು. ಕಡ್ಡಿ ಅದನ್ನು ಸೈಕಲ್ ಬುಟ್ಟಿಗೆ ಹಾಕಿಕೊಂಡು ಹಿಂದಿನಿಂದ ಬಂದಳು. ಕಾರಿನ ಎಡಪಕ್ಕದಲ್ಲಿ ಸಾಗುತ್ತಾ ಕೈ ಬೀಸಿದಳು. ಅಷ್ಟರಲ್ಲಿ ಕಾರು ಎಡಕ್ಕೆ ತಿರುಗಿತು. ಸೈಕಲ್ಲಿನ ಹ್ಯಾಂಡಲ್ ಹೋಗಿ ಕನ್ನಡಿಗೆ ಬಡಿಯಿತು. ಕಡ್ಡಿ ಒಂದು ಕಡೆ, ಸೈಕಲ್ ಒಂದು ಕಡೆ, ಬಾಟಲಿ ಇನ್ನೊಂದು ಕಡೆ.

ಅಮ್ಮ ಇಳಿದು ಓಡಿ ಬಂದಳು. “ನೀನು ನನಗೆ ಕಾಣಿಸ್ಲೇ ಇಲ್ಲ ಕಣೇ,” ಅಂದಳು.

“ಸುಳ್ಳು. ನಾನು ಪಕ್ಕದಲ್ಲೇ ಇದ್ದೆ.”

ಅಮ್ಮ ಬಾಗಿ ಅವಳ ಮೊಣಕಾಲಿನ ರಕ್ತ ಒರೆಸಿದಳು.

ಅಮ್ಮ ಫಿಸಿಯೋಥೆರಪಿಸ್ಟ್. ಎದ್ದು ಓಡಾಡಲಾಗದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಅಂದಿನಿಂದ ಅವಳು ಬಸ್ಸಿನಲ್ಲೇ ಹೋಗುತ್ತಿದ್ದಳು. ಕಾರಿನ ಕೀ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಊಟಕ್ಕೆ ಕೂತರೆ ತಟ್ಟೆ ಲೋಟಗಳ ಸದ್ದು ಮಾತ್ರ. ಕಡ್ಡಿಗೆ ಗಾಯಕ್ಕಿಂತ ಅಮ್ಮನ ಆ ಮಾತೇ ಹೆಚ್ಚು ಉರಿಯುತ್ತಿತ್ತು. ಸ್ವಂತ ಅಮ್ಮನಿಗೆ ತಾನು ಕಾಣಿಸಲಿಲ್ಲ ಎಂದರೆ ನಂಬುವುದು ಹೇಗೆ?

ತಾತ, ಅಂದರೆ ಅಮ್ಮನ ಅಪ್ಪ, ಬದುಕೆಲ್ಲ ಬಟ್ಟೆ ಹೊಲಿದವರು. ಒಡೆಯದೆ ಉಳಿದಿದ್ದ ಬಲಗಡೆಯ ಕನ್ನಡಿಯ ಮೇಲೆ ಕಾಗದವಿಟ್ಟು ಆಕಾರ ಬರೆದು ಕತ್ತರಿಸಿದರು. ಬಲತೋಳಿನ ಅಳತೆ ಮಗುಚಿದರೆ ಎಡತೋಳು, ಇದೂ ಹಾಗೇ ಎಂದು ಕಾಗದವನ್ನು ಮಗುಚಿದರು. ಒಳಮೈಗೆ ಪೆನ್ಸಿಲ್‌ನಿಂದ ಒಂದು ಇಂಟು ಮಾರ್ಕ್ ಹಾಕಿದರು. ಇಬ್ಬರೂ ಗಾಜಿನಂಗಡಿಗೆ ಹೋಗಿ, ಕಾರಿಗೆ ಹಾಕುವ ಉಬ್ಬುಗನ್ನಡಿಯಲ್ಲಿ ಅದೇ ಆಕಾರ ಕೊಯ್ಯಿಸಿಕೊಂಡು ಬಂದರು.

ಅದು ಕೂರಲೇ ಇಲ್ಲ. ಹೇಗೆ ಸರಿಸಿದರೂ ಒಂದು ಮೂಲೆ ಹೊರಗೆ. ತಾತ ಆಮೇಲೆ ಅದನ್ನು ಒಯ್ದು ಬಲಬಾಗಿಲ ಕನ್ನಡಿಯ ಮೇಲೆ ಹಿಡಿದರು. ಅಲ್ಲಿಗೆ ಅಳೆದು ಮಾಡಿದಂತಿತ್ತು. ಟೈಲರುಗಳು ಗುರುತು ಹಾಕುವುದು ಬಟ್ಟೆಯ ಒಳಮೈಗೆ. ಅಂಗಡಿಯವನು ಗುರುತಿದ್ದ ಕಡೆಯೇ ಮುಂಭಾಗ ಅಂದುಕೊಂಡಿದ್ದ.

“ಒಂದೇ ಅಂಗಿಗೆ ಎರಡು ಬಲತೋಳು ಹೊಲಿದೆ ನೋಡು. ಕಣ್ಣೆದುರೇ ಇತ್ತು, ಕಾಣ್ಲಿಲ್ಲ,” ಎಂದು ತಾತ ನಕ್ಕರು. ಕಡ್ಡಿಗೂ ನಗು ಬಂತು. ಮತ್ತೆ ಹೋದಾಗ ಅಂಗಡಿಯವನೂ ನಗುತ್ತಲೇ ಇನ್ನೊಂದು ಕೊಯ್ದು ಕೊಟ್ಟ. ಅದು ಸರಿಯಾಗಿ ಕೂತಿತು. ಅಂಟು ಹಾಕಿ, ಅಲುಗದಂತೆ ಟೇಪ್ ಸುತ್ತಿ, ಮರುದಿನದವರೆಗೆ ಬಿಟ್ಟರು.

ಮರುದಿನ ಸಂಜೆ ಟೇಪ್ ಬಿಚ್ಚಿದರು. ತಾತ ಎಡಗಡೆಯ ಸೀಟಿನಲ್ಲಿ ಕೂತು, ಕನ್ನಡಿ ತಿರುಗಿಸುವ ಪುಟ್ಟ ಕಡ್ಡಿ ಹಿಡಿದರು. “ನಿನ್ನ ತಂಗಿ ಇದು,” ಎಂದು ಮೊಮ್ಮಗಳನ್ನು ಛೇಡಿಸಿ, ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಬೆನ್ನಿಗೆರಡು ದಿಂಬು, ಕೆಳಗೆರಡು ದಿಂಬು. ಆಗಷ್ಟೇ ಬಸ್ಸಿಳಿದು ಬಂದ ಅಮ್ಮನನ್ನು, ಗೇಟಿನಿಂದ ಕಾರಿನ ಎಡಪಕ್ಕಕ್ಕೆ ನಿಧಾನವಾಗಿ ನಡೆದು ಬಾರಮ್ಮ ಎಂದು ಕೂಗಿದರು.

ಕಡ್ಡಿ ಕನ್ನಡಿ ನೋಡಿದಳು. ಅಂಗೈಯಷ್ಟು ಗಾಜಿನಲ್ಲಿ ಗೇಟು, ಗೋಡೆ, ಆಚೆಯ ಮರ, ಮರದ ಮೇಲೆ ಸಂಜೆಯ ಆಕಾಶ, ಎಲ್ಲ ಹಿಡಿಸಿದ್ದವು. ಅದರ ನಡುವೆ ಬೆರಳುದ್ದದ ಅಮ್ಮ, ಹೆಗಲಿಗೆ ಬ್ಯಾಗು. ಅಮ್ಮ ನಡೆದು ಬಂದಳು. ದೊಡ್ಡವಳಾದಳು. ಕನ್ನಡಿಯ ಅಂಚಿಗೆ ಸರಿದಳು. ಅರ್ಧ ಅಮ್ಮ ಉಳಿದಳು. ಆಮೇಲೆ ಬ್ಯಾಗಿನ ಪಟ್ಟಿ ಮಾತ್ರ.

ಆಮೇಲೆ ಏನೂ ಇಲ್ಲ. ಗೇಟು, ಗೋಡೆ, ಮರ, ಆಕಾಶ. ಒಂದೂ ಅಲುಗಲಿಲ್ಲ. ಅಮ್ಮ ಎಂಬುವಳು ಅಲ್ಲಿ ನಡೆದೇ ಇರಲಿಲ್ಲವೇನೋ ಎಂಬಂತೆ.

ಕಡ್ಡಿ ಥಟ್ಟನೆ ಕತ್ತು ತಿರುಗಿಸಿದಳು. ಎಡಗಡೆಯ ಹಿಂಬಾಗಿಲ ಗಾಜಿನಾಚೆ ಅಮ್ಮ ನಿಂತಿದ್ದಳು, ಕೈ ಚಾಚಿದರೆ ಕಾರಿಗೆ ತಾಗುವಷ್ಟು ಹತ್ತಿರ. ಮತ್ತೆ ಕನ್ನಡಿ ನೋಡಿದಳು. ಯಾರೂ ಇಲ್ಲ.

“ಅಮ್ಮಾ, ಅಲ್ಲೇ ನಿಂತ್ಕೋ. ತಾತ, ಸ್ವಲ್ಪ ಹೊರಗೆ ತಿರುಗ್ಸಿ.”

ತಾತ ತಿರುಗಿಸಿದರು. ಅಮ್ಮನ ಭುಜ ಬಂತು, ಗೇಟು ಹೋಯಿತು. ಒಳಗೆ ತಿರುಗಿಸಿದರು. ಗೇಟು ಬಂತು, ಅಮ್ಮ ಹೋದಳು. ಎಷ್ಟು ತಿರುಗಿಸಿದರೂ ಎಲ್ಲೋ ಒಂದು ಕಡೆ ಒಂದಿಷ್ಟು ಜಾಗ, ಒಬ್ಬ ಮನುಷ್ಯ ಹಿಡಿಸುವಷ್ಟು, ಸದ್ದಿಲ್ಲದೆ ಮಾಯವಾಗುತ್ತಿತ್ತು. ಒಂದು ಸೈಕಲ್ ಹಿಡಿಸುವಷ್ಟು.

“ಆಯ್ತೇನೇ?” ಹೊರಗಿನಿಂದ ಅಮ್ಮ ಕೇಳಿದಳು.

ಕಡ್ಡಿ ಇಳಿದು, ಕಾರು ಬಳಸಿ ಹೋಗಿ, ಅಮ್ಮನ ಹೆಗಲಿನಿಂದ ಬ್ಯಾಗು ತೆಗೆದುಕೊಂಡಳು. “ನೀನೂ ಕಾಣಿಸ್ಲಿಲ್ಲ,” ಅಂದಳು.

ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಬೆಳಿಗ್ಗೆ ಮೊಳೆಯ ಮೇಲೆ ಕೀ ಇರಲಿಲ್ಲ. ಕಾರು ಗೇಟಿನಾಚೆ ಗುರುಗುಟ್ಟುತ್ತಾ ನಿಂತಿತ್ತು, ಹೊರಡುತ್ತಿರಲಿಲ್ಲ. ಕಡ್ಡಿ ಶಾಲೆಯ ಬ್ಯಾಗು ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ಬಂದಳು. ಕಾರಿನ ಪಕ್ಕಕ್ಕೆ ಹೋಗಲಿಲ್ಲ. ಹಿಂದೆಯೇ ನಿಂತು ಎಡಗಡೆಯ ಕನ್ನಡಿ ನೋಡಿದಳು. ಅದರಲ್ಲಿ ಖಾಲಿ ಸೀಟು ಕಾಣಿಸಿತು. ಸೈಕಲನ್ನು ಇನ್ನೊಂದಿಷ್ಟು ಹಿಂದಕ್ಕೆಳೆದಳು. ಸ್ಟಿಯರಿಂಗ್ ಹಿಡಿದ ಕೈ ಕಾಣಿಸಿತು. ಇನ್ನೂ ಸ್ವಲ್ಪ ಹಿಂದಕ್ಕೆ.

ಅಂಗೈಯಷ್ಟು ಗಾಜಿನಲ್ಲಿ ಅಮ್ಮನ ಎರಡು ಕಣ್ಣು ಬಂದವು. ಅವು ಯಾರನ್ನೋ ಹುಡುಕುತ್ತಿದ್ದವು. ಹುಡುಕುತ್ತಾ ಬಂದು, ಕಡ್ಡಿಯ ಮೇಲೆ ನಿಂತವು.

ಕಡ್ಡಿ ಆಗ ಕೈ ಬೀಸಿದಳು.