ಎಡಗಾಲಿನ ಸಾಕ್ಷಿ

ಗಾಜಿನ ಕಪಾಟು ಖಾಲಿ. ಪಿಟೀಲು ತಯಾರಿಸುವ ಆ ಕಾರ್ಖಾನೆಯ ಪ್ರಾಣದಂತಿದ್ದ ಹಳೆಯ ಪಿಟೀಲು ಮಂಗಮಾಯ. ಬೆಳಿಗ್ಗೆ ಬೀಗ ತೆಗೆದ ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಿದ್ದರು.

ಇನ್ಸ್‌ಪೆಕ್ಟರಮ್ಮ ನೆಲ ನೋಡಿದರು. ಮರದ ಹುಡಿಯ ಮೇಲೆ ಬೂಟಿನ ಗುರುತುಗಳು. ಒಂದು ದೊಡ್ಡದು, ಒಂದು ಚಿಕ್ಕದು.

"ಇನ್ನೇನು ಹುಡುಕೋದು ಮೇಡಂ? ಇಡೀ ಊರಲ್ಲಿ ಇಂಥ ಕಾಲು ಇರೋದು ಒಬ್ಬನಿಗೇ," ಎಂದ ಮ್ಯಾನೇಜರ್.

ಆ ಒಬ್ಬ, ಪಿಟೀಲಿಗೆ ವಾರ್ನಿಷ್ ಬಳಿಯುವವನು. ಎಲ್ಲರ ಬಾಯಲ್ಲೂ ಮೆರುಗಣ್ಣ. ಹುಟ್ಟಿನಿಂದಲೇ ಅವನ ಎಡಗಾಲಿನ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದಿದ್ದವು. ಕ್ಲಿಪ್ಪೆಲ್-ಟ್ರೆನೋನೆ ಸಿಂಡ್ರೋಮ್, ಲಕ್ಷಕ್ಕೊಬ್ಬರಿಗೆ ಬರುವಂಥದ್ದು ಎಂದಿದ್ದರು ಡಾಕ್ಟರು. ತೊಡೆಯಿಂದ ಕೆಳಗೆ ಕೆಂಪು ಮಚ್ಚೆ, ಉಬ್ಬಿದ ರಕ್ತನಾಳ, ಪಾದವೂ ದೊಡ್ಡದು. ಪಾಪ, ಪ್ರತಿ ಸಲವೂ ಎರಡು ಅಳತೆಯ ಎರಡು ಜೊತೆ ಬೂಟು ಕೊಳ್ಳಬೇಕು.

ಅವನನ್ನು ಠಾಣೆಗೆ ಕರೆತಂದಾಗ ಹೆಂಡತಿಯೂ ಬೆನ್ನಿಗೇ ಬಂದಳು. ರಾತ್ರಿಯಿಡೀ ಕಾಲುನೋವಿಂದ ನರಳುತ್ತ ಮಲಗಿದ್ದರು, ಮನೆಯಿಂದ ಕದಲಲೇ ಇಲ್ಲ ಎಂದು ಅತ್ತಳು. ಆದರೆ ಹೆಂಡತಿಯ ಮಾತನ್ನು ಯಾವ ನ್ಯಾಯಾಲಯ ನಂಬೀತು? ಜೈಲು ಸೇರಿದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

\* \* \*

ಇನ್ಸ್‌ಪೆಕ್ಟರಮ್ಮ ಅವನ ಬೂಟುಗಳನ್ನೇ ದಿಟ್ಟಿಸಿದರು. ಏನೋ ಹೊಳೆಯಿತು.

"ಎರಡು ಜೊತೆ ತಗೊಂಡ್ರೆ ಎರಡು ಒಂಟಿ ಬೂಟು ಉಳೀಬೇಕಲ್ಲಪ್ಪ. ಅವೆಲ್ಲಿ?"

"ಮ್ಯಾನೇಜರ್ ಇಸ್ಕೊಂಡ್ರು ಮೇಡಂ. ನಿನ್ನಂಥ ಕಾಲಿನವನು ಇನ್ನೊಬ್ಬ ಇದ್ದಾನೆ ಅಂದ್ರು. ಅವನಿಗೆ ಬಲಗಾಲು ದೊಡ್ಡದಿರ್ಬೇಕು ಅಂದ್ಕೊಂಡು ಕೊಟ್ಟೆ. ನನಗೂ ಒಬ್ಬ ಜೊತೆಗಾರ ಸಿಕ್ಕ ಅಂತ ಖುಷಿಯಾಗಿತ್ತು."

\* \* \*

ಕಾರ್ಖಾನೆಯ ಮಂದಿಯೆಲ್ಲ ಸುತ್ತ ನೆರೆದಿದ್ದರು. ಹುಡಿಯ ಮೇಲೆ ನಡೆಯುವಂತೆ ಇನ್ಸ್‌ಪೆಕ್ಟರಮ್ಮ ಮೆರುಗಣ್ಣನಿಗೆ ಹೇಳಿದರು. ಎಡಗುರುತು ದೊಡ್ಡದು, ಬಲಗುರುತು ಚಿಕ್ಕದು. ಕಳ್ಳನದು ತದ್ವಿರುದ್ಧ.

"ಇವನು ಹಾಕ್ಕೊಳ್ಳೋ ಬೂಟು ಇವನ ಕಾಲಲ್ಲೇ ಇವೆ. ಕಳ್ಳ ತೊಟ್ಟಿದ್ದು ಉಳಿದಿದ್ದನ್ನ," ಎಂದು ಅವರು ಮ್ಯಾನೇಜರ್ ಕಡೆ ತಿರುಗಿದರು. "ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಸಾಕು ಅಂದ್ಕೊಂಡ್ರಿ, ಯಾವ ಕಾಲು ಅಂತ ನೋಡ್ಲಿಲ್ಲ. ಇರಲಿ, ಬೂಟು ಯಾರಿಗೆ ಕೊಟ್ರಿ? ಕರೆಸಿ ಆ ಮನುಷ್ಯನ್ನ."

ಮ್ಯಾನೇಜರ್ ಮೆಲ್ಲನೆ ಬಾಗಿಲ ಕಡೆ ಸರಿದ. ಅಂಥ ಮನುಷ್ಯ ಇದ್ದರೆ ತಾನೇ ಕರೆಸುವುದು? ಮ್ಯಾನೇಜರನ ಮನೆಯ ಅಟ್ಟದಲ್ಲಿ ಪೊಲೀಸರಿಗೆ ಪಿಟೀಲೂ ಸಿಕ್ಕಿತು, ಮುಂಭಾಗಕ್ಕೆ ಚಿಂದಿ ತುರುಕಿದ ದೊಡ್ಡ ಬಲಬೂಟೂ ಸಿಕ್ಕಿತು. ಕೋಳ ಬಿತ್ತು.

ಮಚ್ಚೆ ಯಾರಿಗೂ ಕಾಣದಿರಲೆಂದು ಸದಾ ನೆಲ ಗುಡಿಸುವಷ್ಟು ಉದ್ದದ ಪ್ಯಾಂಟು ತೊಡುತ್ತಿದ್ದ ಮೆರುಗಣ್ಣ. ಅಂದು ಅದನ್ನು ಮೊಣಕಾಲಿನವರೆಗೂ ಮಡಚಿದ. ಹೆಂಡತಿಯ ಕೈಹಿಡಿದು, ಎದೆಯುಬ್ಬಿಸಿ, ಎಲ್ಲರ ನಡುವೆಯೇ ನಡೆದ.

"ಸರಿಯಾಗಿ ನೋಡ್ಕೊಳ್ರಪ್ಪ," ಎಂದ ನಗುತ್ತ. "ದೊಡ್ಡದು ಎಡಗಾಲು."