ಸೊನ್ನೆ ಇರೋದು ಅಂಚಿನಲ್ಲಲ್ಲ, ಟೈಲರ್!

"ನನ್ನ ಮಗಳ ಉತ್ತರ ಅದ್ಹೇಗ್ರೀ ತಪ್ಪು?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವನ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಕಣ್ಣಲ್ಲಿ ಕೆಂಡ!

ಭೂಗೋಳದ ಟೀಚರ್ ತಲೆಯೆತ್ತಿದಳು. ಗುಬ್ಬಿಯ ಅಪ್ಪ... ಹೆಂಡತಿ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯನ್ನೂ ಮಗಳನ್ನೂ ಒಬ್ಬನೇ ತೂಗಿಸುತ್ತಿದ್ದ ಟೈಲರ್.

"ಕಿರೀಟ ಕದ್ದ ಕಳ್ಳ ಒಂಟೆ ಏರಿ ಓಡಿದ. ಉತ್ತರ ಅಕ್ಷಾಂಶ ಇಪ್ಪತ್ತು, ಪೂರ್ವ ರೇಖಾಂಶ ಮೂವತ್ತು. ಎಲ್ಲಿದ್ದಾನೆ? ಇದೇ ತಾನೆ ನಿಮ್ಮ ಒಗಟು? ನಾನೇ ಪಕ್ಕದಲ್ಲಿ ಕೂತು ಅಳೆದು ಚುಕ್ಕೆ ಇಡಿಸಿದ್ದೀನಿ!"

"ನಿಮ್ಮ ಚುಕ್ಕೆ ಹಿಮದ ಸಮುದ್ರದಲ್ಲಿದೆ ಕಣ್ರೀ. ಒಂಟೆಗೆ ಈಜು ಬರುತ್ತಾ?"

ಅವನು ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡ.

"ಎಲ್ಲಿಂದ ಅಳೆದ್ರಿ?"

"ಅಂಚಿಂದ! ಕೆಳಗಿಂದ ಇಪ್ಪತ್ತು, ಎಡದಿಂದ ಮೂವತ್ತು. ಬಟ್ಟೇನ ಯಾರಾದ್ರೂ ನಡುವಿಂದ ಅಳೀತಾರಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಬೆರಳು ಹಿಡಿದು ಗೋಡೆಯ ನಕ್ಷೆಯ ಮೇಲಿಟ್ಟಳು. "ಅಡ್ಡಗೆರೆ ಅಕ್ಷಾಂಶ. ಈ ಸಮಭಾಜಕದಿಂದ ಮೇಲಕ್ಕೆ ಉತ್ತರ, ಕೆಳಕ್ಕೆ ದಕ್ಷಿಣ. ಉದ್ದಗೆರೆ ರೇಖಾಂಶ. ಈ ಸೊನ್ನೆ ಗೆರೆಯಿಂದ ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ. ಈಗ ಹುಡುಕಿ."

ಬೆರಳು ಮೆಲ್ಲಗೆ ಸರಿದು ಮರುಭೂಮಿಯ ನಡುವೆ ನಿಂತಿತು.

"ಸಿಕ್ಕಿಬಿದ್ದ ಕಳ್ಳ!" ಮಗುವಿನಂತೆ ಕೂಗಿದ. ಅವಳು ಅವನ ಬೆರಳು ಬಿಡುವುದನ್ನೇ ಮರೆತಳು...

ಅಂದಿನಿಂದ ಗುಬ್ಬಿಯನ್ನು ಕರೆದೊಯ್ಯಲು ಬಂದಾಗಲೆಲ್ಲ ಅಪ್ಪನಿಗೂ ಒಂದು ಒಗಟು. ಮದುವೆಯ ಆಸೆಯನ್ನೇ ಕಟ್ಟಿಟ್ಟಿದ್ದ ಟೀಚರ್ ಸಂಜೆಯಾಗುವುದನ್ನೇ ಕಾಯತೊಡಗಿದಳು.

ಒಂದು ದಿನ ಹಳೆಯ ಕೋಟೊಂದನ್ನು ಅವನ ಕೈಗಿತ್ತಳು. "ಮನೇಲಿ ಮದುವೆ. ಈ ಅಳತೆಗೆ ಮದುಮಗನ ಕೋಟು ನೀವೇ ಹೊಲೀಬೇಕು."

ಮರುದಿನದಿಂದ ಗುಬ್ಬಿಯನ್ನು ಕರೆದೊಯ್ಯಲು ಬಂದದ್ದು ಪಕ್ಕದ ಮನೆಯ ಅಜ್ಜಿ!

'ನಾನೇನು ತಪ್ಪು ಮಾಡಿದೆ?' ರಾತ್ರಿ ಟೀಚರಳ ದಿಂಬು ಒದ್ದೆಯಾಗುತ್ತಿತ್ತು.

ಕೋಟು ತೊಟ್ಟು ನೋಡುವ ದಿನ ಅವಳೇ ಅಂಗಡಿಗೆ ಹೋದಳು. ಟೈಲರ್ ತಲೆಯೆತ್ತದೆ ಬಟ್ಟೆ ಕತ್ತರಿಸುತ್ತಲೇ ಇದ್ದ.

"ಅಕ್ಕಾ, ತೋಳು ಉದ್ದ ಆಯ್ತೇನೇ?" ಜೊತೆಗೆ ಬಂದಿದ್ದವನು ಕನ್ನಡಿಯ ಮುಂದೆ ತಿರುಗಿದ.

ಕತ್ತರಿ ನಿಂತಿತು. "ಮದುಮಗ... ನಿಮ್ಮ ತಮ್ಮನಾ?"

"ಮತ್ಯಾರು ಅಂದ್ಕೊಂಡ್ರಿ?"

"ನಿಮ್ಮ... ನಿಮ್ಮನ್ನ ಮದುವೆ ಆಗೋರು ಅಂತ. ಒಂದೊಂದು ಹೊಲಿಗೇನೂ ಎರಡೆರಡು ಸಲ ಬಿಚ್ಚಿ ಹಾಕಿದೆ, ಟೀಚರ್."

ತಮ್ಮನು ಅವರಿಬ್ಬರನ್ನೂ ನೋಡಿದ. ಗುಂಡುಸೂಜಿ ಚುಚ್ಚಿದ ಕೋಟಿನ ಸಮೇತ ಮೆಲ್ಲಗೆ ಬೀದಿಗೆ ಜಾರಿಕೊಂಡ.

"ನಂಗೊಬ್ಬಳು ಮಗಳಿದ್ದಾಳೆ. ಈ ಅಂಗಡಿ ಬಿಟ್ರೆ ಬೇರೇನಿಲ್ಲ. ಕೇಳೋ ಧೈರ್ಯಾನೂ ಇರ್ಲಿಲ್ಲ. ಆದ್ರೂ..."

"ಆದ್ರೂ?"

"ನೀವಿಲ್ಲದೆ ನಂಗಾಗಲ್ಲ."

ಅವಳ ಕಣ್ಣು ತುಂಬಿ ಬಂತು. "ಇಷ್ಟು ಹೇಳೋಕೆ ನನ್ನನ್ನ ಅಷ್ಟು ಅಳಿಸ್ಬೇಕಿತ್ತಾ?"

"ತಪ್ಪಾಯ್ತು, ಟೀಚರ್."

"ಮನೆಗೆ ಕರ್ಕೊಂಡು ಹೋದ ಮೇಲೂ ಟೀಚರ್ ಅಂತಾನೇ ಕರೀತೀರಾ?"

ಅವನ ಮುಖ ಅರಳಿತು. "ಮತ್ತೇನಂತ ಕರೀಲಿ?"

"ನೀವೇ ಕಂಡುಹಿಡೀರಿ," ಎಂದಳು ಅವನ ತೋಳಿಗೆ ಹಣೆಯಾನಿಸಿ. "ಇದಕ್ಕೆ ಮಾತ್ರ ಸುಳಿವು ಕೊಡಲ್ಲ!"