ಹದಿನೇಳನೆಯ ಮಗ್ಗ

"ಇದು ನನ್ನ ಗಂಡ ಬರದದ್ದಲ್ರೀ," ಎಂದು ಅನ್ನವ್ವ ಗಂಡನ ಫೋನನ್ನು ಜಿನದತ್ತರ ಮುಂದಿಟ್ಟಳು. ಅಳಲಿಲ್ಲ. ಸಾತಪ್ಪ ಸತ್ತು ಹನ್ನೊಂದು ದಿನವಾಗಿತ್ತು.

ಕೊಲ್ಹಾಪುರದ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಸುದ್ದಿ ತಿದ್ದಿದ ಜಿನದತ್ತರು ಈಗ ಗಡಹಿಂಗ್ಲಜದಲ್ಲಿದ್ದರು. ಬರಹದ ತಂಟೆ ಬಂದಾಗ ಪೊಲೀಸರೂ ಅವರ ಮನೆಗೆ ಬರುತ್ತಿದ್ದರು. ಅವರ ಕೈಕೆಳಗೆ ವರದಿಗಾರನಾಗಿದ್ದ ಸಿದ್ಧಲಿಂಗ ಅಂದೂ ಅಲ್ಲೇ ಇದ್ದ.

ಸಾತಪ್ಪ ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ. ಒಂಬತ್ತನೆಯ ಮಗ್ಗದ ಬಳಿ ಕರೆಂಟ್ ಹೊಡೆದು ಸತ್ತ. ಅವನ ಹೆಣ ಸಿಕ್ಕಿದ್ದು ಮಧ್ಯಾಹ್ನ ನಾಲ್ಕೂ ಇಪ್ಪತ್ತಕ್ಕೆ. ಹತ್ತು ನಿಮಿಷ ಮೊದಲು ಅವನ ಫೋನಿನಿಂದ ಶೆಡ್ಡಿನ ಗ್ರೂಪಿಗೆ ಮರಾಠಿಯಲ್ಲಿ ಸಂದೇಶ ಹೋಗಿತ್ತು. ಒಂದರಿಂದ ಇಪ್ಪತ್ನಾಲ್ಕರವರೆಗೆ ಒಂದೊಂದೇ ಮಗ್ಗದ ಸ್ಥಿತಿ; ಒಂಬತ್ತರ ವೈರ್ ಕೆಟ್ಟಿದೆ, ಉಳಿದವೆಲ್ಲ ಸರಿ; ಕೊನೆಗೆ, 'ಮೇನ್ ಸ್ವಿಚ್ ಬಂದ್ ಮಾಡಬೇಡಿ, ಹಾಗೇ ಜೋಡಿಸುತ್ತೇನೆ.'

"ತನ್ನ ತಪ್ಪಿಗೆ ತಾನಽ ಸತ್ತ ಅಂತಾರ. 'ನಿಮ್ಮಪ್ಪ ಭಾಳ ಶಾಣ್ಯಾ ಇದ್ದನಲ್ಲ' ಅಂತ ಮಗಳಿಗೆ ಸಾಲ್ಯಾಗ ಅಣಕಸ್ತಾರ," ಎಂದಳು ಅನ್ನವ್ವ.

ಜಿನದತ್ತರು ಗ್ರೂಪಿನಲ್ಲಿದ್ದ ಸಾತಪ್ಪನ ಕಳೆದ ಮೂರು ವರ್ಷದ ಸಂದೇಶಗಳನ್ನು ಓದಿದರು. ಸಿದ್ಧಲಿಂಗನೂ ಇಣುಕಿದ. ಪ್ರತಿದಿನ ಒಂದರಿಂದ ಹನ್ನೆರಡು, ಆಮೇಲೆ ಇಪ್ಪತ್ನಾಲ್ಕರಿಂದ ಹಿಂದಕ್ಕೆ ಹದಿಮೂರರವರೆಗೆ.

"ಅಣ್ಣಾರ, ಅರ್ಧ ಉಲ್ಟಾ ಬರದಾನಲ್ರೀ."

"ಉಲ್ಟಾ ಯಾರಿಗೆ? ನಡೀ, ಶೆಡ್ ನೋಡಿ ಬರೋಣು."

ಶೆಡ್ಡಿನಲ್ಲಿ ಎರಡು ಸಾಲು. ಎರಡರ ಸಂಖ್ಯೆಯೂ ಬಾಗಿಲ ಕಡೆಯಿಂದಲೇ ಶುರು: ಒಂದರಲ್ಲಿ ಒಂದು, ಇನ್ನೊಂದರಲ್ಲಿ ಹದಿಮೂರು. ಹದಿನೇಳರ ಜಾಗ ಖಾಲಿ. ಸಿಮೆಂಟಿನ ಮೇಲೆ ಎಣ್ಣೆಯ ಕಲೆ ಮಾತ್ರ.

"ಅದು ಶಿರೋಳಿಗೆ ರಿಪೇರಿಗೆ ಹೋಗಿ ತಿಂಗಳಾತ್ರಿ," ಎಂದ ಪ್ರಥಮೇಶ, ಇನ್ನೊಬ್ಬ ರಿಪೇರಿಯವ. ಸಾತಪ್ಪನೊಂದಿಗೆ ಅವನಿಗೆ ಜಗಳವಿತ್ತೆಂದು ಎಲ್ಲರೂ ಬಲ್ಲರು.

ಮ್ಯಾನೇಜರ್ ವೈಭವ ಬಾಗಿಲಾಚೆಯ ಆಫೀಸಿನಲ್ಲಿದ್ದ. "ಒಳಗ ನಾ ಕಾಲಿಡಂಗಿಲ್ರಿ. ಹತ್ತಿ ಧೂಳಿಗೆ ಉಸಿರು ಕಟ್ತೈತಿ. ನನ್ನ ಕೆಲಸೆಲ್ಲಾ ಈ ರಿಜಿಸ್ಟರಿನಾಗ." ಧೂಳು ಹೊಗುತ್ತದೆಂದು ಎಲ್ಲರೂ ಫೋನುಗಳನ್ನು ಅವನ ಮೇಜಿನ ಮೇಲಿಟ್ಟು ಒಳಗೆ ಹೋಗುವುದು ಅಲ್ಲಿನ ರೂಢಿ. ಸಾತಪ್ಪನ ಫೋನಿಗೆ ಲಾಕ್ ಇರಲಿಲ್ಲ. ರಿಜಿಸ್ಟರಿನಲ್ಲಿ ಹದಿನೇಳರ ಸಾಲು ಇನ್ನೂ ಇತ್ತು.

ಮರುದಿನ ಎಲ್ಲರೂ ಅದೇ ಆಫೀಸಿನಲ್ಲಿ ಸೇರಿದರು. ಮಾಲೀಕ ಅಭಿಜಿತ ನಿಂತೇ ಇದ್ದ. ಅನ್ನವ್ವ ಬಾಗಿಲ ಬಳಿ ಕೂತಳು.

"ಬರಿಯೋ ಮಂದಿ ವಿಷಯಾನ ಮೂರು ಥರ ಜೋಡಸ್ತಾರ," ಎಂದರು ಜಿನದತ್ತರು. "ಪೇಪರಿನವರು ದೊಡ್ಡದು ಮೊದಲು ಇಡ್ತಾರ. ಸಾಕ್ಷಿ ಹೇಳಾವ ಹೊತ್ತಿನ ಪ್ರಕಾರ ಹೇಳ್ತಾನ. ಸಾತಪ್ಪ ಕಾಲು ನಡದಂಗ ಬರೀತಿದ್ದ. ಒಂದು ಸಾಲು ಹಿಡದು ತುದೀತನಕ ಹೋದವ ಇನ್ನೊಂದು ಸಾಲಿನಾಗ ತಿರುಗಿ ಬರ್ತಾನ. ಹನ್ನೆರಡರ ಎದುರಿಗೆ ಇಪ್ಪತ್ನಾಲ್ಕು. ಕಡೀ ಸಂದೇಶ ನಂಬರಿನ ಪ್ರಕಾರ ಐತಿ. ಶೆಡ್ಡಿನಾಗ ಹಂಗ ಯಾರೂ ನಡಿಯಂಗಿಲ್ಲ."

"ಗಡಿಬಿಡ್ಯಾಗ ಬರದಿರಬೇಕು," ಎಂದ ವೈಭವ.

"ಇರಬಹುದು. ಆದ್ರ ಅದರಾಗ 'ಹದಿನೇಳು ಸರಿ' ಅಂತ ಐತಿ. ಇಲ್ಲದ ಮಗ್ಗ ಹೆಂಗ ಸರಿ ಇರ್ತೈತಿ? ಅದು ಹೋದ ದಿನದಿಂದ ಸಾತಪ್ಪ ಹದಿನೇಳು ಬರದಽ ಇಲ್ಲ. ಪ್ರಥಮೇಶ ಬರದಿದ್ರ ಹದಿನೇಳು ಬರ್ತಿದ್ದಿಲ್ಲ. ಖಾಲಿ ಜಾಗಾ ಅಂವ, ನೇಯೋ ಮಂದಿ ಎಲ್ಲಾರೂ ದಿನಾ ದಾಟತಾರ. ಆ ಹೊತ್ತಿನಾಗ ಅಭಿಜಿತ ಎಲ್ಲಿದ್ದ, ಸಿದ್ಧಲಿಂಗ?"

"ಕೊಲ್ಹಾಪುರದ ದವಾಖಾನಿಯೊಳಗ, ತಾಯಿ ಮಗ್ಗಲಕ್ಕ. ವಾರ್ಡಿನವರನ್ನ ಕೇಳಿ ಬಂದೇನ್ರಿ."

"ಅಂದಮ್ಯಾಲೆ ಶೆಡ್ಡಿನಾಗ ಕಾಲಿಡದಽ, ರಿಜಿಸ್ಟರ್ ನೋಡಿ ಬರದವರು ಯಾರು?"

ಒಳಗೆ ಮಗ್ಗಗಳು ಬಡಿಯುತ್ತಿದ್ದವು.

"ಸಾತಪ್ಪ ಮೇನ್ ಬಂದ್ ಮಾಡ್ರಿ ಅಂದ," ಎಂದ ವೈಭವ, ರಿಜಿಸ್ಟರ್ ಮುಚ್ಚುತ್ತ. "ಮಾಲು ಸಂಜೀಕ ಹೋಗಬೇಕಿತ್ತು. ಹಂಗಽ ಜೋಡ್ಸು ಅಂದೆ. ಕಿಟಕ್ಯಾಗಿಂದ ನೋಡಿದೆ, ಬಿದ್ದಿದ್ದ. ಮೊದಲು ಅಂವನ ಫೋನ್ ತಗೊಂಡೆ."

"ಮೊದಲು ಫೋನ್," ಎಂದರು ಜಿನದತ್ತರು.

ಅಭಿಜಿತ ಪೊಲೀಸರಿಗೆ ಫೋನ್ ಹಚ್ಚಿದ. ಗ್ರೂಪಿಗೆ ನಿಜ ಬರೆಯುವುದಾಗಿ ಅನ್ನವ್ವನಿಗೆ ಹೇಳಿದ. ಅವಳು ತಲೆಯಾಡಿಸಿ ಎದ್ದು, ಇದುವರೆಗೆ ಕಾಲಿಡದಿದ್ದ ಶೆಡ್ಡಿನೊಳಗೆ ಹೋದಳು. ಸಿದ್ಧಲಿಂಗ ಹಿಂದೆ ನಡೆದ. ಒಂದು, ಎರಡು, ಮೂರು. ಒಂಬತ್ತರ ಬಳಿ ನಿಲ್ಲುತ್ತಾಳೆಂದುಕೊಂಡ, ನಿಲ್ಲಲಿಲ್ಲ. ಹನ್ನೆರಡರ ತುದಿಯಲ್ಲಿ ತಿರುಗಿ, ಇಪ್ಪತ್ನಾಲ್ಕರಿಂದ ಹಿಂದಕ್ಕೆ ಬಂದಳು. ಹದಿನೇಳರ ಖಾಲಿ ಜಾಗದಲ್ಲಿ ಒಂದು ಗಳಿಗೆ ನಿಂತು ಎಣ್ಣೆಯ ಕಲೆ ನೋಡಿದಳು. ಹದಿಮೂರು ದಾಟಿದರೆ ಬಾಗಿಲು. ಹೊರಗೆ ಬಿಸಿಲಿತ್ತು.